ಹ್ಯೂಸ್ಟನ್ ಕಾನೂನು ಕಾಲೇಜುಗಳನ್ನೇ ಏಕೆ ಆರಿಸಿಕೊಂಡರು?

ಅಮೆರಿಕದ ವರ್ಣಭೇದದ ಅಧ್ಯಾಯ ಓದುವಾಗ ನಾವೆಲ್ಲ ಸೀದಾ ಶಾಲೆಗಳಲ್ಲಿ ಬಿಳಿ-ಕಪ್ಪು ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದ 1954ರ ಬ್ರೌನ್ ತೀರ್ಪಿಗೆ ಹಾರಿ, ವಕೀಲ ಥರ್ಗುಡ್ ಮಾರ್ಷಲ್ ಹೆಸರು ಬರೆದು ಮುಗಿಸುತ್ತೇವೆ. ಮಾರ್ಷಲ್ ಅವರ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರನ್ನು ಬಿಟ್ಟರೆ ಆ ತೀರ್ಪು ಆಕಾಶದಿಂದ ಉದುರಿದಂತೆ ಕಾಣುತ್ತದೆ.

ಜೀವನಚರಿತ್ರೆ ಇಷ್ಟು ಸಾಕು: ಹುಟ್ಟಿದ್ದು 1895ರಲ್ಲಿ, ವಾಷಿಂಗ್ಟನ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದಾಗ ಕಪ್ಪು ಸೈನಿಕರಿಗಾಗುವ ಅವಮಾನ ಕಂಡು ಕಾನೂನು ಓದಲು ನಿರ್ಧರಿಸಿದರು. ಹಾರ್ವರ್ಡ್‌ನಲ್ಲಿ ಓದಿ, ಮುಖ್ಯವಾಗಿ ಕಪ್ಪು ವಿದ್ಯಾರ್ಥಿಗಳು ಓದುತ್ತಿದ್ದ ಹೊವಾರ್ಡ್ ವಿಶ್ವವಿದ್ಯಾಲಯದ ಸಂಜೆ ಕಾನೂನು ಕಾಲೇಜನ್ನು ಮಾನ್ಯತೆ ಪಡೆದ ಪೂರ್ಣಾವಧಿ ಕಾಲೇಜಾಗಿ ಬೆಳೆಸಿದರು. (ಹಾರ್ವರ್ಡ್, ಹೊವಾರ್ಡ್ ಬೇರೆ ಬೇರೆ, ನಾನು ಮೊದಲ ಸಲ ಎರಡನ್ನೂ ಒಂದೇ ಎಂದುಕೊಂಡಿದ್ದೆ.)

ಈಗ ಮುಖ್ಯ ವಿಷಯ. ಸುಪ್ರೀಂ ಕೋರ್ಟ್‌ನ 1896ರ ಪ್ಲೆಸ್ಸಿ ತೀರ್ಪಿನ ಪ್ರಕಾರ ಸೌಲಭ್ಯ ಸಮಾನವಾಗಿದ್ದರೆ ಜನರನ್ನು ಬಣ್ಣದ ಆಧಾರದ ಮೇಲೆ ಬೇರ್ಪಡಿಸುವುದು ತಪ್ಪಾಗಿರಲಿಲ್ಲ. ಅಂದಿನ ನ್ಯಾಯಾಲಯ ಅದನ್ನು ಸುಲಭವಾಗಿ ರದ್ದು ಮಾಡುವಂತಿರಲಿಲ್ಲ. ಹ್ಯೂಸ್ಟನ್ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಲು ಹೊರಟರು: ‘ಸಮಾನ ಎಂದಿರಲ್ಲ, ಎಲ್ಲಿದೆ ತೋರಿಸಿ’ ಎಂಬ ವಾದ. ಶಾಲೆಗಳ ವಿಷಯದಲ್ಲಾದರೆ ರಾಜ್ಯಗಳು ಹೇಗೋ ಒಂದು ಕಟ್ಟಡ ತೋರಿಸಿ ಜಾರಿಕೊಳ್ಳಬಹುದಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಸರ್ಕಾರಿ ಕಾನೂನು ಕಾಲೇಜೇ ಇರಲಿಲ್ಲ. ಬೆರಳೆಣಿಕೆಯ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಕಟ್ಟುವುದು ಬೊಕ್ಕಸಕ್ಕೆ ಭಾರ. ಮೇಲಾಗಿ, ಕಾನೂನು ಕಾಲೇಜು ಎಂದರೇನೆಂದು ನ್ಯಾಯಾಧೀಶರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಲೆಕ್ಕಾಚಾರವೇ ನನಗೆ ಅವರ ಅತಿ ದೊಡ್ಡ ಪ್ರತಿಭೆಯಾಗಿ ಕಾಣುತ್ತದೆ.

ಕಪ್ಪು ವಿದ್ಯಾರ್ಥಿ ಮರ್ರೆಗೆ ಕಾನೂನು ಕಾಲೇಜಿನ ಪ್ರವೇಶ ನಿರಾಕರಿಸಿದ ಮೇರಿಲ್ಯಾಂಡ್‌ನ ಪ್ರಕರಣದಲ್ಲಿ ಮಾರ್ಷಲ್ ಜೊತೆ ಗೆದ್ದರು. 1936ರಲ್ಲಿ ಆ ರಾಜ್ಯದ ಉನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮುಂದಿನದು ಗೇನ್ಸ್ ಪ್ರಕರಣ. ಕಪ್ಪು ವಿದ್ಯಾರ್ಥಿ ಲಾಯ್ಡ್ ಗೇನ್ಸ್‌ಗೆ ಕಾನೂನು ಕಾಲೇಜಿನ ಪ್ರವೇಶ ನಿರಾಕರಿಸಿದ ಮಿಸೌರಿ ರಾಜ್ಯ, ಬೇರೆ ರಾಜ್ಯದಲ್ಲಿ ಓದಿದರೆ ಶುಲ್ಕ ಕೊಡುವುದಾಗಿ ಹೇಳಿತು. 1938ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ: ಬಿಳಿಯರಿಗೆ ರಾಜ್ಯದೊಳಗೆ ಕೊಟ್ಟದ್ದನ್ನು ಕಪ್ಪು ಜನರಿಗೂ ರಾಜ್ಯದೊಳಗೇ ಕೊಡಬೇಕು.

ಪರೀಕ್ಷೆಯಲ್ಲಿ ಇಲ್ಲೇ ಎಡವುತ್ತೇವೆ. ಗೇನ್ಸ್ ತೀರ್ಪು ಪ್ಲೆಸ್ಸಿಯನ್ನು ರದ್ದು ಮಾಡಲಿಲ್ಲ. ಪ್ರತ್ಯೇಕತೆಯ ಬೆಲೆ ಏರಿಸಿತು, ಅಷ್ಟೆ. ಮಿಸೌರಿ 1939ರ ಸೆಪ್ಟೆಂಬರ್‌ನಲ್ಲಿ ಕಪ್ಪು ಜನರಿಗೆಂದು ಬೇರೆ ಕಾನೂನು ಕಾಲೇಜು ತೆರೆಯಿತು. ಅದು ನಿಜಕ್ಕೂ ಸಮಾನವೇ ಎಂದು ಪ್ರಶ್ನಿಸಲು ಹ್ಯೂಸ್ಟನ್‌ಗೆ ಕಕ್ಷಿದಾರ ಬೇಕಿತ್ತು. ಆದರೆ ಅದೇ ವರ್ಷದ ಮಾರ್ಚ್‌ನಲ್ಲೇ ಶಿಕಾಗೊದಲ್ಲಿ ತಂಗಿದ್ದ ಮನೆಯಿಂದ ಹೊರಟ ಗೇನ್ಸ್ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮೊಕದ್ದಮೆ ಅಲ್ಲಿಗೇ ನಿಂತಿತು.