ಇಂಗ್ಲೆಂಡಿನ ಮನೆ ತೆರಿಗೆಯಲ್ಲಿ ‘ಪ್ಯಾರಿಷ್’ ಎಂಬ ಸಾಲು: ಆ ದುಡ್ಡು ಚರ್ಚಿಗೆ ಹೋಗುತ್ತಾ?

ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಮನೆ ಮಾಡಿದ್ದಾರೆ. ಅವರ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲಿ ಪ್ಯಾರಿಷ್ ಕೌನ್ಸಿಲ್ ಎಂದು ಬೇರೆಯೇ ಒಂದು ಮೊತ್ತ ಇದೆ. ಪ್ಯಾರಿಷ್ ಅಂದರೆ ಚರ್ಚಿನ ಕಡೆಯದ್ದಲ್ವಾ? ನಾವು ಕ್ರೈಸ್ತರಲ್ಲ. ಆದರೂ ಕೊಡಬೇಕಾ?

ಉತ್ತರ: ಕೊಡಬೇಕು. ಆದರೆ ಅದು ಚರ್ಚಿನ ವಂತಿಗೆ ಅಲ್ಲ.

ಪ್ಯಾರಿಷ್ ಕೌನ್ಸಿಲ್ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಊರಿನವರೇ ಆರಿಸಿದ ಸದಸ್ಯರಿರುತ್ತಾರೆ. ಲೆಕ್ಕಪತ್ರ ನೋಡಿಕೊಳ್ಳಲು ಸಂಬಳಕ್ಕೆ ಒಬ್ಬ ಕ್ಲರ್ಕ್ ಇರುತ್ತಾರೆ. ಶಾಲೆ, ದೊಡ್ಡ ರಸ್ತೆ, ಕಸ ವಿಲೇವಾರಿ ಎಲ್ಲ ಮೇಲಿನ ಕೌನ್ಸಿಲ್‌ಗಳ ಕೆಲಸ. ಮಕ್ಕಳ ಆಟದ ಮೈದಾನ, ಬಸ್ ತಂಗುದಾಣ, ಕಾಲುದಾರಿ, ಊರವರು ತರಕಾರಿ ಬೆಳೆಯಲು ಬಾಡಿಗೆಗೆ ಪಡೆಯುವ ತುಂಡು ಜಮೀನು, ಇಂಥವನ್ನು ಪ್ಯಾರಿಷ್ ಕೌನ್ಸಿಲ್ ನೋಡಿಕೊಳ್ಳುತ್ತದೆ. ಪಕ್ಕದ ಹೊಲದಲ್ಲಿ ಯಾರಾದರೂ ಮನೆ ಕಟ್ಟಲು ಅರ್ಜಿ ಹಾಕಿದರೆ ಈ ಕೌನ್ಸಿಲ್‌ನ ಅಭಿಪ್ರಾಯವನ್ನೂ ಕೇಳುತ್ತಾರೆ. ಬಿಲ್ಲಿನಲ್ಲಿ ಕಾಣುವ ಮೊತ್ತ ಈ ಕೆಲಸಗಳಿಗೆ.

ನಿಮಗೆ ಅನುಮಾನ ಬಂದದ್ದು ಸಹಜವೇ. ಒಂದು ಕಾಲದಲ್ಲಿ ಅಲ್ಲಿ ಊರಿನ ಆಡಳಿತ, ಚರ್ಚಿನ ಆಡಳಿತ ಎರಡೂ ಒಂದೇ ಆಗಿತ್ತು. ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರನ್ನೇ ಪ್ಯಾರಿಷ್ ಎನ್ನುತ್ತಿದ್ದರು. 1538ರಿಂದ ಪ್ರತಿ ಪ್ಯಾರಿಷ್‌ನ ಪಾದ್ರಿ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕಿತ್ತು. 1601ರ ಕಾನೂನು ಬಡವರನ್ನು ಸಾಕುವ ಹೊಣೆಯನ್ನೂ ಪ್ಯಾರಿಷ್ ಮೇಲೆಯೇ ಹಾಕಿತು. ಅದಕ್ಕೆ ಊರಿನವರಿಂದಲೇ ತೆರಿಗೆ ಎತ್ತುತ್ತಿದ್ದರು. ಸಭೆ ಸೇರುತ್ತಿದ್ದದ್ದು ಚರ್ಚಿನಲ್ಲಿ. ಚರ್ಚ್ ಕಟ್ಟಡದ ರಿಪೇರಿಗೆಂದು ಇನ್ನೊಂದು ತೆರಿಗೆಯೂ ಇತ್ತು.

ಆ ರಿಪೇರಿ ತೆರಿಗೆಯನ್ನು ಆ ಚರ್ಚಿಗೆ ಸೇರದ ಬೇರೆ ಕ್ರೈಸ್ತ ಪಂಗಡದವರೂ ಕೊಡಬೇಕಿತ್ತು. ಬ್ಯಾಪ್ಟಿಸ್ಟರು, ಕ್ವೇಕರರು, ಕ್ಯಾಥೊಲಿಕರು, ಯಾರನ್ನೂ ಬಿಡುತ್ತಿರಲಿಲ್ಲ. ನೀವು ಇವತ್ತು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿದರು. ಎಷ್ಟೋ ಊರುಗಳಲ್ಲಿ ದೊಡ್ಡ ಜಗಳಗಳಾದವು, ಕೊಡಲ್ಲ ಎಂದವರ ಮನೆಯ ಸಾಮಾನು ಜಪ್ತಿಯಾಯಿತು. ಕೊನೆಗೆ 1868ರಲ್ಲಿ ಪಾರ್ಲಿಮೆಂಟು ಆ ಕಡ್ಡಾಯವನ್ನು ತೆಗೆದುಹಾಕಿತು. 1894ರಲ್ಲಿ ಇನ್ನೊಂದು ಕಾನೂನು ಬಂದು, ಊರಿನ ಆಡಳಿತವನ್ನು ಚರ್ಚಿನ ಕೈಯಿಂದ ಬಿಡಿಸಿ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಕೊಟ್ಟಿತು. ಪಾರ್ಲಿಮೆಂಟ್ ಚುನಾವಣೆಯಲ್ಲಿ ಹೆಂಗಸರಿಗೆ ಮತವೇ ಇಲ್ಲದ ಕಾಲ ಅದು. ಆದರೂ ಈ ಕೌನ್ಸಿಲ್‌ಗಳಿಗೆ ಅವರು ಮತ ಹಾಕಬಹುದಿತ್ತು, ಚುನಾವಣೆಗೆ ನಿಲ್ಲಲೂಬಹುದಿತ್ತು. ಈ ಕಾನೂನಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಚರ್ಚಿಗೆ ಈಗ ಅದರದ್ದೇ ಬೇರೆ ಸಮಿತಿ ಇದೆ. ಅದು ಕಾಣಿಕೆ, ದಾನ, ಬೇಸಿಗೆ ಜಾತ್ರೆ, ಕೇಕ್ ಮಾರಾಟದಿಂದ ಖರ್ಚು ತೂಗಿಸುತ್ತದೆ. ಮನೆ ತೆರಿಗೆಯಲ್ಲಿ ಅದಕ್ಕೆ ಪಾಲಿಲ್ಲ.

ಒಂದೆರಡು ಕಡೆ ಮಾತ್ರ ಗೆರೆ ಮಸುಕಾಗುತ್ತದೆ. ಜಾಗ ತುಂಬಿ, ಇನ್ನು ಹೂಳುವಂತಿಲ್ಲ ಎಂದು ಅಧಿಕೃತವಾಗಿ ಮುಚ್ಚಿದ ಚರ್ಚಿನ ಸ್ಮಶಾನವನ್ನು ನೋಡಿಕೊಳ್ಳುವ ಹೊಣೆ ಪ್ಯಾರಿಷ್ ಕೌನ್ಸಿಲ್‌ಗೆ ಬರಬಹುದು. ಊರಿಗೆಲ್ಲ ಸಮಯ ತೋರಿಸುವ ಚರ್ಚ್ ಗೋಪುರದ ಗಡಿಯಾರಕ್ಕೂ ಅದು ಖರ್ಚು ಮಾಡಬಹುದು. ಇದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಆ ಸ್ಮಶಾನದಲ್ಲಿ ಮಲಗಿರುವವರು ಆ ಊರಿನವರೇ ಅಲ್ವಾ?

ಹುಷಾರಾಗಿರಬೇಕಾದದ್ದು ಬೇರೆ ವಿಷಯದಲ್ಲಿ. ಕೆಲವು ಹಳೆಯ ಜಮೀನುಗಳಿಗೆ ಚರ್ಚಿನ ಬಲಿಪೀಠದ ಭಾಗವನ್ನು ರಿಪೇರಿ ಮಾಡಿಸುವ ಹೊಣೆ ಶತಮಾನಗಳಿಂದ ಅಂಟಿಕೊಂಡಿದೆ. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್‌ಲೋದಲ್ಲಿ ಹೀಗೆ ಬಿಲ್ ಬಂದ ದಂಪತಿ ಕೊಡಲ್ಲ ಎಂದರು, ವಿಷಯ ಕೋರ್ಟಿಗೆ ಹೋಯಿತು. 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ವಿರುದ್ಧವೇ ತೀರ್ಪು ಕೊಟ್ಟಿತು. ಮನೆ ಕೊಳ್ಳುವಾಗ ವಕೀಲರು ಇದನ್ನು ಪರಿಶೀಲಿಸುತ್ತಾರೆ. ಮಗಳ ಹತ್ತಿರ ಒಮ್ಮೆ ಕೇಳಿಸಿ.

ಆಡಳಿತ ಬೇರೆಯಾದರೂ ಊರಿನ ಬದುಕು ಹಾಗೆ ಎರಡಾಗಿ ಒಡೆದಿಲ್ಲ. ಸ್ಟಾಫರ್ಡ್‌ಶೈರ್‌ನ ಆಬಟ್ಸ್ ಬ್ರಾಮ್ಲಿ ಎಂಬ ಹಳ್ಳಿಯನ್ನೇ ನೋಡಿ. ಅಲ್ಲಿ ಸೆಪ್ಟೆಂಬರ್‌ನಲ್ಲಿ ಒಂದು ಸೋಮವಾರ ಕೊಂಬಿನ ಕುಣಿತ ನಡೆಯುತ್ತದೆ. ಆರು ಜೊತೆ ಹಿಮಸಾರಂಗದ ಕೊಂಬುಗಳು. ಅತಿ ಭಾರದ್ದು 11 ಕಿಲೋ ದಾಟುತ್ತದೆ. ವಿಜ್ಞಾನಿಗಳು ಪರೀಕ್ಷಿಸಿದಾಗ ಅವು 11ನೇ ಶತಮಾನದವು ಎಂದು ಗೊತ್ತಾಯಿತು. ವರ್ಷವಿಡೀ ಅವು ಸೇಂಟ್ ನಿಕೋಲಸ್ ಚರ್ಚಿನ ಗೋಡೆಯ ಮೇಲಿರುತ್ತವೆ. ಆ ದಿನ ಬೆಳಿಗ್ಗೆ ಚರ್ಚಿನಿಂದ ಇಳಿಸಿಕೊಂಡು ಹೊರಡುತ್ತಾರೆ. ಜೊತೆಗೆ ಒಬ್ಬ ಕೋಡಂಗಿ, ಕೋಲುಕುದುರೆ, ಹೆಣ್ಣುವೇಷದ ಮೇಡ್ ಮೇರಿಯನ್ (ರಾಬಿನ್ ಹುಡ್ ಕಥೆಗಳ ನಾಯಕಿ), ಬಿಲ್ಲು ಹಿಡಿದ ಹುಡುಗ, ವಾದ್ಯದವರು. ತೋಟದ ಮನೆಗಳ ಮುಂದೆ, ಪಬ್‌ಗಳ ಮುಂದೆ ದಿನವಿಡೀ ಕುಣಿದು, ಸಂಜೆ ಕೊಂಬುಗಳನ್ನು ಮತ್ತೆ ಚರ್ಚಿಗೇ ಒಪ್ಪಿಸುತ್ತಾರೆ.

ಈ ಕುಣಿತದ ಬಗ್ಗೆ 1686ರಲ್ಲಿ ಬರೆದ ಇಂಗ್ಲಿಷ್ ವಿದ್ವಾಂಸ ರಾಬರ್ಟ್ ಪ್ಲಾಟ್ ಒಂದು ಮಾತು ಹೇಳಿದ್ದಾನೆ. ನೋಡಲು ಬಂದವರು ಒಂದೊಂದು ಪೆನ್ನಿ ಹಾಕುತ್ತಿದ್ದರಂತೆ. ಕೇಕು, ಏಲ್ ಎಂಬ ಬಿಯರಿಗೆ ಆದ ಖರ್ಚು ಕಳೆದು ಉಳಿದ ದುಡ್ಡಿನಲ್ಲಿ ಚರ್ಚಿನ ರಿಪೇರಿಯೂ ಆಗುತ್ತಿತ್ತು, ಬಡವರ ಪೋಷಣೆಯೂ ಆಗುತ್ತಿತ್ತು. ತೆರಿಗೆ ಎಂದರೆ ಜನ ಮುಖ ಸಿಂಡರಿಸುತ್ತಿದ್ದ ಎರಡು ಖರ್ಚುಗಳನ್ನು ಹಬ್ಬ ಹೀಗೆ ಸಲೀಸಾಗಿ ನಿಭಾಯಿಸಿತ್ತು.

ನಿಮ್ಮ ಮಗಳು, ಅಳಿಯ ಸುಮ್ನೆ ಬಿಲ್ ಕಟ್ಟಿ ಕೂರಬೇಕಾಗಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ, 18 ತುಂಬಿದ ಭಾರತೀಯ ಪ್ರಜೆಗಳು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಪ್ಯಾರಿಷ್ ಕೌನ್ಸಿಲ್ ಚುನಾವಣೆಯಲ್ಲೂ ಮತ ಹಾಕಬಹುದು. ಪ್ರತಿವರ್ಷ ಮಾರ್ಚ್ 1ರಿಂದ ಜೂನ್ 1ರ ನಡುವೆ ಊರಿನ ವಾರ್ಷಿಕ ಸಭೆ ನಡೆಯಲೇಬೇಕು. ಪಟ್ಟಿಯಲ್ಲಿ ಹೆಸರಿದ್ದವರು ಅಲ್ಲಿ ಎದ್ದು ನಿಂತು ಮಾತಾಡಬಹುದು. ದಿನಾಂಕವನ್ನು ಹಳ್ಳಿಯ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಬಿಲ್ಲಿನ ಆ ಮೊತ್ತ ಯಾಕೆ ಜಾಸ್ತಿಯಾಯಿತು ಎಂದು ಕೇಳಲು ಅದೇ ಸರಿಯಾದ ಜಾಗ.