ನಾಯಿ ಹಿಡಿದ ಮೇಲಿನ ಕೆಲಸ ಯಾರದು?

ಸುಪ್ರೀಂ ಕೋರ್ಟ್ ಬೀದಿ ನಾಯಿಗಳನ್ನೆಲ್ಲ ಎತ್ತಿಕೊಂಡು ಹೋಗಿ ಅಂದಿದೆ ಎಂದು ದಾವಣಗೆರೆಯಲ್ಲಿ ಬಹಳ ಜನ ನಂಬಿದ್ದಾರೆ. ಹಾಗೆ ಹೇಳಿಲ್ಲ. 2025ರ ಆಗಸ್ಟ್ 22ರ ಆದೇಶದ ಪ್ರಕಾರ ಸಂತಾನಹರಣ ಆಪರೇಷನ್ ಮಾಡಿ, ಜಂತುಹುಳದ ಔಷಧಿ, ಲಸಿಕೆ ಕೊಟ್ಟು, ಹಿಡಿದ ಜಾಗಕ್ಕೇ ಬಿಡಬೇಕು. ರೇಬಿಸ್ ಇರುವ, ತೀರಾ ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡುವಂತಿಲ್ಲ. ನವೆಂಬರ್ 7ರ ಆದೇಶ ಬೇರೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣದಲ್ಲಿ ಹಿಡಿದ ನಾಯಿ ಮತ್ತೆ ಅಲ್ಲಿಗೆ ಹೋಗಬಾರದು, ಆಶ್ರಯ ಕೇಂದ್ರದಲ್ಲೇ ಇರಬೇಕು.

ಆಶ್ರಯ ಕೇಂದ್ರದಲ್ಲಿ ಕೆಲಸ ಮಾಡುವ ನಮ್ಮಂಥ ಪಶುವೈದ್ಯರಿಗೆ ತಲೆನೋವು ಶುರುವಾಗುವುದೇ ಇಲ್ಲಿ. ಆಪರೇಷನ್ ಮಾಡುವ ಕಡೆ ಇರುವ ಬೋನುಗಳು ಗಾಯ ಮಾಗುವವರೆಗಿನ ನಾಲ್ಕೈದು ದಿನಕ್ಕೆ ಅಂತ ಇರುವಂಥವು. ಅದರಲ್ಲಿ ಬಸ್ ಸ್ಟ್ಯಾಂಡಿನ ನಾಯಿಯನ್ನು ಸಾಯುವ ತನಕ ಇಟ್ಟುಕೊಂಡರೆ ಆ ಬೋನಿನಲ್ಲಿ ನಡೆಯಬೇಕಿದ್ದ ಆಪರೇಷನ್‌ಗಳೆಲ್ಲ ನಿಂತವು ಅಂತಲೇ ಲೆಕ್ಕ. ಹೊರಗೆ ಒಂದು ಹೆಣ್ಣು ನಾಯಿ ಗಬ್ಬವಾದ ಎರಡು ತಿಂಗಳಿಗೆಲ್ಲ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಸಲ ಬೇಕಾದರೂ. ಒಳಗೆ ಒತ್ತೊತ್ತಾಗಿ ತುಂಬಿದರೆ ಪಾರ್ವೊ, ಡಿಸ್ಟೆಂಪರ್‌ನಂಥ ನಾಯಿಗಳ ಅಂಟುರೋಗಗಳು ಹಬ್ಬುತ್ತವೆ, ಕಚ್ಚಾಟ ಬೇರೆ.

ಹಾಗಂತ ಕಚ್ಚಿಸಿಕೊಂಡವರ ಸಿಟ್ಟು ಸುಳ್ಳು ಅಂತಲ್ಲ. ಆಸ್ಪತ್ರೆ ವಾರ್ಡಿನಲ್ಲಿ ನಾಯಿ ಓಡಾಡಬಾರದು, ಅದು ಸರಿ. ಆದರೆ ರೇಬಿಸ್ ನಿಲ್ಲುವುದು ಲಸಿಕೆಯಿಂದ. ಊರಿನ ನಾಯಿಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಕಡಿಯುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ತೊಲಗಿಸುತ್ತೇವೆ ಎಂದು ಕೇಂದ್ರದ ಯೋಜನೆ ಇದೆ. ಅದಕ್ಕೆ ಬೇಕಿರುವುದು ಡಾಕ್ಟರು, ವ್ಯಾನು, ಬಲೆ, ಮತ್ತು ನಾಯಿ ಹಿಡಿಯಲು ಗೊತ್ತಿರುವ ಹುಡುಗರು. ಆ ಹುಡುಗರಿಗೆ ಕಚ್ಚುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿರಬೇಕು. ಇದನ್ನು ಯಾರೂ ಕೇಳುವುದೇ ಇಲ್ಲ!

ಇನ್ನು ಕಾನೂನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಐವತ್ತಕ್ಕೆ ನಮ್ಮೂರಲ್ಲಿ ಬೆಣ್ಣೆ ದೋಸೆ ಸಿಗುವುದೂ ಕಷ್ಟ ಅಲ್ವಾ? ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಜೈಲಿದೆ. ಹಾಗಾಗಿ ನಾಯಿಗೆ ಬಿಸಿನೀರು ಎರಚಿದ್ದು, ಕಾಲು ಮುರಿದದ್ದು ಕಂಡರೆ ಸುಮ್ನೆ ವಿಡಿಯೊ ಹಂಚಬೇಡಿ. ಪೊಲೀಸರಿಗೆ ಲಿಖಿತ ದೂರು ಕೊಡಿ, ಈ ಸೆಕ್ಷನ್ ಹೆಸರು ಹೇಳಿ, ಗಾಯದ ಬಗ್ಗೆ ಪಶುವೈದ್ಯರ ಸರ್ಟಿಫಿಕೇಟ್ ಲಗತ್ತಿಸಿ.