ವಿಜ್ಞಾನದ ಕೆಲಸಕ್ಕೆ ಸೈಂಟಿಫಿಕ್ ಲಿನಕ್ಸೇ ಬೇಕೇ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿನ ಲೆಕ್ಕಾಚಾರಕ್ಕೆಂದು ಹೊಸ ಡೆಸ್ಕ್‌ಟಾಪ್ ಕೊಂಡಿದ್ದೇನೆ. ಅದಕ್ಕೆ ಸೈಂಟಿಫಿಕ್ ಲಿನಕ್ಸನ್ನೇ ಹಾಕಬೇಕೆಂದು ಸೀನಿಯರ್ ಒಬ್ಬರು ಹೇಳುತ್ತಾರೆ. ಹೌದೇ? (ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ಹಾಕಬೇಡಿ. ಶಂಕರಘಟ್ಟದಿಂದಲೂ ಸಾಗರದಿಂದಲೂ ಇದೇ ಪ್ರಶ್ನೆ ಎಷ್ಟೋ ಸಲ ಬಂದಿದೆ. ಬರೀ ‘ಬೇಡ’ ಎಂದರೆ ಯಾರೂ ಒಪ್ಪುವುದಿಲ್ಲವಾದ್ದರಿಂದ ಈ ಸಲ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಈ ತಪ್ಪು ಕಲ್ಪನೆಗೆ ಆ ಹೆಸರೇ ಮೂಲ. ಸೈಂಟಿಫಿಕ್ ಲಿನಕ್ಸ್ ಎಂಬುದು ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಹಲವು ರೂಪಗಳಲ್ಲಿ ಒಂದು. ಅಮೆರಿಕದ ಕಣ ಭೌತವಿಜ್ಞಾನ ಪ್ರಯೋಗಾಲಯವಾದ ಫರ್ಮಿಲ್ಯಾಬ್, ಯುರೋಪಿನ ಸರ್ನ್ ಮೊದಲಾದ ಪ್ರಯೋಗಾಲಯಗಳ ಜೊತೆಗೂಡಿ, ಸಂಸ್ಥೆಗಳಿಗೆಂದು ಮಾಡಿದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ ಮೂಲ ಕೋಡನ್ನೇ ಬಳಸಿ 2004ರಲ್ಲಿ ಅದನ್ನು ಸಿದ್ಧಪಡಿಸಿತು. ತಮ್ಮ ಅಸಂಖ್ಯ ಯಂತ್ರಗಳಲ್ಲಿ ಒಂದೇ ಬಗೆಯ ವ್ಯವಸ್ಥೆ ವರ್ಷಗಟ್ಟಲೆ ಸ್ಥಿರವಾಗಿರಬೇಕು ಎಂಬುದು ಅವರ ಅಗತ್ಯವಾಗಿತ್ತು. ಸಮೀಕರಣಗಳನ್ನು ಬೇಗ ಬಿಡಿಸುವ ಗುಟ್ಟೇನೂ ಅದರೊಳಗೆ ಇರಲಿಲ್ಲ. ಎಂಟನೆಯ ಆವೃತ್ತಿಯನ್ನು ತರುವುದಿಲ್ಲವೆಂದು 2019ರಲ್ಲೇ ಪ್ರಕಟವಾಯಿತು, ಏಳನೆಯದಕ್ಕೆ ಸಿಗುತ್ತಿದ್ದ ಭದ್ರತಾ ಅಪ್‌ಡೇಟ್‌ಗಳೂ 2024ರ ಜೂನ್‌ಗೆ ಮುಗಿದವು. ಲೆಕ್ಕದ ವೇಗ ಬರುವುದು ಪ್ರೊಸೆಸರಿನಿಂದ, ಮೆಮೊರಿಯಿಂದ, ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿಯಾದ ನಮ್‌ಪೈ ಒಳಗೆ ಕುಳಿತು ಮ್ಯಾಟ್ರಿಕ್ಸ್‌ಗಳನ್ನು ಗುಣಿಸುವ ಓಪನ್‌ಬ್ಲಾಸ್‌ನಂತಹ ಲೈಬ್ರರಿಗಳಿಂದ. ಈ ಲೈಬ್ರರಿಗಳು ಉಬುಂಟು, ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ರೂಪಗಳಲ್ಲೆಲ್ಲ ದೊರೆಯುತ್ತವೆ. ಅಡಿಕೆ ಸುಲಿಯುವ ವೇಗ ಕೈಯಲ್ಲೂ ಮೆಟ್ಟುಗತ್ತಿಯಲ್ಲೂ ಇರುತ್ತದೆ, ಕುಳಿತ ಚಪ್ಪರದ ಹೆಸರಿನಲ್ಲಿ ಇರುವುದಿಲ್ಲ.

ಐದು ವರ್ಷ ಅಪ್‌ಡೇಟ್ ಸಿಗುವ ಉಬುಂಟು 24.04 ಎಲ್‌ಟಿಎಸ್ ನಿಮಗೆ ಧಾರಾಳವಾಗಿ ಸಾಕು. ವ್ಯವಸ್ಥೆಯ ಜೊತೆಗೇ ಬಂದ ಪೈಥಾನ್‌ಗೆ ಮಾತ್ರ ಕೈಹಾಕಬೇಡಿ. ಉಬುಂಟುವಿನ ಎಷ್ಟೋ ಉಪಕರಣಗಳು ಅದನ್ನೇ ನೆಚ್ಚಿಕೊಂಡಿವೆ. ಆದ್ದರಿಂದಲೇ ಅಲ್ಲಿ ಪೈಥಾನ್ ಲೈಬ್ರರಿಗಳನ್ನು ಹಾಕುವ ಪಿಪ್ ಉಪಕರಣವನ್ನು ನೇರವಾಗಿ ಬಳಸಿದರೆ ತಡೆಯುವ ಸಂದೇಶ ಬರುತ್ತದೆ. ಆ ತಡೆಯನ್ನು ಬಲವಂತವಾಗಿ ದಾಟದೆ, ಪ್ರತಿ ಪ್ರಾಜೆಕ್ಟಿಗೂ ಒಂದೊಂದು ವೆನ್ವ್ (venv, ಆ ಪ್ರಾಜೆಕ್ಟಿನ ಲೈಬ್ರರಿಗಳನ್ನು ಬೇರೆಯಾಗಿ ಇಡುವ ಜಾಗ) ಮಾಡಿಕೊಂಡು, ಯಾವ ಲೈಬ್ರರಿಯ ಯಾವ ಆವೃತ್ತಿ ಬಳಸಿದಿರೆಂದು ಬರೆದಿಡಿ.

ನೀವು ಕೇಳದಿದ್ದರೂ ನಮ್ಮ ಕಡೆಯವರಿಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ: ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ, ಎರಡು ದಿನದಿಂದ ಓಡುತ್ತಿರುವ ಲೆಕ್ಕದ ಗತಿಯೇನು? ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಗೆ ಜರ್ನಲ್, ಅಂದರೆ ಮಾಡುವ ಬದಲಾವಣೆಗಳನ್ನು ಮೊದಲೇ ಗುರುತಿಟ್ಟುಕೊಳ್ಳುವ ದಿನಚರಿ, ಇದೆ, ನಿಜ. ಆದರೆ ಅದು ಡಿಸ್ಕಿನ ಕಟ್ಟೋಣವನ್ನು ಕಾಯುತ್ತದೆಯೇ ಹೊರತು ಮೆಮೊರಿಯಲ್ಲಿದ್ದ ನಿಮ್ಮ ಸಂಖ್ಯೆಗಳನ್ನಲ್ಲ. ಮನೆಯ ಇನ್ವರ್ಟರಿಗೆ ಯುಪಿಎಸ್ ಮೋಡ್ ಇದ್ದರೆ ಅದರಲ್ಲೇ ಇಡಿ; ಇಲ್ಲವಾದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಜೊತೆಗೆ, ಪ್ರೋಗ್ರಾಂ ಅರ್ಧ ಗಂಟೆಗೊಮ್ಮೆ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆಯುವಂತೆ ಮಾಡಿ. ಹಳೆಯ ಫೈಲಿನ ಮೇಲೆಯೇ ಬರೆಸದೆ, ಬೇರೆ ಹೆಸರಿನಲ್ಲಿ ಪೂರ್ತಿ ಬರೆಸಿ, ಅದು ಡಿಸ್ಕಿಗೆ ಇಳಿದ ಮೇಲೆ ಹಳೆಯ ಹೆಸರಿಗೆ ಬದಲಿಸಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಹಿಂದಿನ ಅರ್ಧ ಗಂಟೆಯ ಪ್ರತಿ ಹಾಗೇ ಉಳಿದಿರುತ್ತದೆ.